ಒಂದು ಫೂಟ್ ಸಾಕೇ? ಕಾಲಂ ಸರಳಿನ ಲ್ಯಾಪ್ ಲೆಕ್ಕ

ಕಾಮರ್ಸ್ ಓದುವ ಹುಡುಗಿ ಕಬ್ಬಿಣದ ಸರಳಿನ ಬಗ್ಗೆ ಯಾಕೆ ಬರೆಯುತ್ತಾಳೆ ಎಂದು ಈ ಸಂಚಿಕೆಗೆ ಲೇಖನ ಕೇಳಿದ ಗೆಳತಿ ನಕ್ಕಳು. ಕಾರಣ ನಮ್ಮ ಮನೆಯ ಮಾಳಿಗೆಯ ಮೇಲಿದೆ.

ವಿಜಯಪುರದಲ್ಲಿ ನಮ್ಮ ಮನೆ ಕಟ್ಟಿದಾಗ ನಾನು ಎರಡನೇ ತರಗತಿಯಲ್ಲಿದ್ದೆ. ದುಡ್ಡು ಇದ್ದದ್ದು ಕೆಳಗಿನ ಮಹಡಿಗೆ ಮಾತ್ರ. ಮೇಲಿನದ್ದು ಮುಂದೆ ನೋಡೋಣ ಎಂದು ಒಂಬತ್ತು ಕಾಲಂಗಳ ಸರಳುಗಳನ್ನು ಸ್ಲ್ಯಾಬಿನ ಮೇಲೆ ಸ್ವಲ್ಪ ಬಿಟ್ಟರು. ನಿಮ್ಮ ಮನೆಯ ಮೇಲೂ ಇರಬಹುದು. ನಮ್ಮ ಓಣಿಯಲ್ಲಂತೂ ಯಾವ ಮಾಳಿಗೆಗೆ ಹೋದರೂ ನಾಲ್ಕು ಮೂಲೆಗೆ ಸರಳು ನಿಂತಿರುತ್ತವೆ. ಅಮ್ಮಿ ಅವುಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ನಾನೂ ಭಾಯಿಜಾನೂ ಕಣ್ಣಿಗೆ ಚುಚ್ಚದಿರಲಿ ಎಂದು ಖಾಲಿ ಬಾಟಲಿಗಳನ್ನು ತಲೆಕೆಳಗೆ ಮಾಡಿ ಸಿಕ್ಕಿಸಿದ್ದೆವು. ಈ ವರ್ಷ ಭಾಯಿಜಾನ್ ಮದುವೆ ಗೊತ್ತಾಯಿತು, ಮೇಲೆ ಎರಡು ಕೋಣೆ ಬೇಕಾಯಿತು, ಅಬ್ಬಾ ಸಾಲ ಮಾಡಿದರು. ಸಿಮೆಂಟ್, ಖಡಿ, ಉಸುಕು ಬಂದು ಬಿದ್ದವು. ನಮ್ಮ ಕಾಲೇಜಿನಲ್ಲೇ ಓದಿ ಈಗ ಸಿವಿಲ್ ಇಂಜಿನಿಯರ್ ಆಗಿರುವ ನೆರೆಮನೆಯ ಅಣ್ಣ ಮೇಲೆ ಬಂದು ಟೇಪ್ ಹಿಡಿದರು. ಸರಳು ಹೊರಗಿದ್ದದ್ದು ಹನ್ನೆರಡು ಇಂಚು, ಕೆಲವು ಹನ್ನೊಂದೇ. ಅವರು ಕೆಲಸ ನಿಲ್ಲಿಸಿ ಎಂದರು.

ಗೌಂಡಿ ಚಾಚಾ ಒಪ್ಪಲಿಲ್ಲ. "ಒಂದ್ ಫೂಟ್ ಭಾಳ ಆತ್ರೀ. ಬೈಂಡಿಂಗ್ ವೈರ್ ಬಿಗಿ ಹಾಕಿದ್ರ ಎಲ್ಲಿಗೂ ಹೋಗಂಗಿಲ್ಲ" ಎಂದರು. ಅಬ್ಬಾಗೂ ಅದೇ ಸರಿ ಅನ್ನಿಸಿತ್ತು. ಸಾಲದ ಕಂತು ಶುರುವಾಗಿತ್ತಲ್ಲ. ಮನೆಯಲ್ಲಿ ಎರಡು ದಿನ ಅದೇ ಮಾತು. ಮೂರನೆಯ ದಿನ ನಾನು ನೋಟ್‌ಬುಕ್ ಹಿಡಿದುಕೊಂಡು ಇಂಜಿನಿಯರ್ ಅಣ್ಣನ ಹತ್ತಿರ ಹೋದೆ. ಈ ಲೇಖನ ಆ ನೋಟ್‌ಬುಕ್ಕಿನಿಂದ ಬಂದದ್ದು.

ಮೊದಲು ಹೆಸರು. ಮನೆಯಲ್ಲಿ ನಾವು ಸರಿಯಾ ಅನ್ನುತ್ತೇವೆ, ಕೆಲಸದವರು ರಾಡ್ ಅನ್ನುತ್ತಾರೆ, ಕನ್ನಡ ಪುಸ್ತಕದಲ್ಲಿ ಸರಳು. ಅಂಗಡಿಯಲ್ಲಿ ಸಿಗುವ ಸರಳಿನ ಉದ್ದ ಸಾಮಾನ್ಯವಾಗಿ 12 ಮೀಟರ್, ಅಂದರೆ ಸುಮಾರು 40 ಫೂಟ್. ಲಾರಿಯಲ್ಲಿ ಹಿಡಿಸಲೆಂದು ಮಧ್ಯಕ್ಕೆ ಮಡಚಿ ತರುತ್ತಾರೆ. ಎರಡು ಮಹಡಿಯ ಕಾಲಂಗೆ 12 ಮೀಟರ್ ಬೇಕಾಗುವುದಿಲ್ಲ, ಆದರೂ ಯಾರೂ ಒಂದೇ ಸರಳನ್ನು ಪಾಯಾದಿಂದ ಮೇಲಿನವರೆಗೆ ನಿಲ್ಲಿಸುವುದಿಲ್ಲ. ಅಷ್ಟುದ್ದದ ಸರಳು ಗಾಳಿಗೆ ಬಾಗುತ್ತದೆ, ಹಿಡಿಯಲು ಜನ ಬೇಕು. ಅದಕ್ಕಿಂತ ದೊಡ್ಡ ಕಾರಣ ನಮ್ಮಂಥವರು ಮನೆ ಕಟ್ಟುವ ರೀತಿ: ದುಡ್ಡು ಬಂದ ಹಾಗೆ ಒಂದೊಂದು ಮಹಡಿ. ಹೀಗಾಗಿ ಸರಳಿಗೆ ಸರಳು ಜೋಡಿಸಲೇಬೇಕು. ಹಳೆಯ ಸರಳಿನ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿ, ಎರಡೂ ಸ್ವಲ್ಪ ದೂರ ಜೊತೆಗೆ ಹೋಗುವಂತೆ ಮಾಡುತ್ತಾರೆ. ಜೊತೆಗೆ ಹೋಗುವ ಆ ಉದ್ದವೇ ಲ್ಯಾಪ್.

ಬೈಂಡಿಂಗ್ ವೈರ್ ಎರಡು ಸರಳನ್ನು ಹಿಡಿದಿಟ್ಟಿದೆ ಎಂದು ನಾನೂ ತಿಳಿದಿದ್ದೆ. ಅದು ತಪ್ಪು. ಆ ತೆಳು ವೈರಿನ ಕೆಲಸ ಕಾಂಕ್ರೀಟ್ ಹಾಕುವವರೆಗೆ ಸರಳು ಅಲುಗದಂತೆ ನೋಡಿಕೊಳ್ಳುವುದು ಮಾತ್ರ. ಕಾಂಕ್ರೀಟ್ ಗಟ್ಟಿಯಾದ ಮೇಲೆ ವೈರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಲಿನ ಸರಳಿನ ಬಲ ಮೊದಲು ಸುತ್ತಲಿನ ಕಾಂಕ್ರೀಟಿಗೆ ಹೋಗುತ್ತದೆ, ಕಾಂಕ್ರೀಟಿನಿಂದ ಕೆಳಗಿನ ಸರಳಿಗೆ ಹೋಗುತ್ತದೆ. ಸರಳಿನ ಮೈಮೇಲೆ ಇರುವ ಉಬ್ಬುಗೆರೆಗಳು ಕಾಂಕ್ರೀಟನ್ನು ಹಲ್ಲಿನ ಹಾಗೆ ಕಚ್ಚುವುದು ಇದಕ್ಕೇ. ನಮ್ಮ ಸ್ಪೋರ್ಟ್ಸ್ ಡೇ ರಿಲೇ ನೆನಪಿಸಿಕೊಳ್ಳಿ. ಬ್ಯಾಟನ್ ಕೊಡುವವಳೂ ತೆಗೆದುಕೊಳ್ಳುವವಳೂ ಸ್ವಲ್ಪ ದೂರ ಜೊತೆಗೆ ಓಡಬೇಕು. ಆ ದೂರ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಹೋದ ವರ್ಷ ನಮ್ಮ ಸೆಕ್ಷನ್ ಎಲ್ಲರಿಗೂ ತೋರಿಸಿದೆ.

ಹಾಗಾದರೆ ಎಷ್ಟು ದೂರ? ಇಲ್ಲಿ ಲೆಕ್ಕ ಶುರು. ಹತ್ತನೇ ತರಗತಿಯ ಗಣಿತ ಸಾಕು.

ನಮ್ಮ ಕಾಲಂ 300 ಮಿ.ಮೀ. ಚೌಕ, ಒಂದೊಂದರಲ್ಲಿ 12 ಮಿ.ಮೀ. ದಪ್ಪದ ಎಂಟು ಸರಳು. ಸರಳಿನ ಮೇಲೆ 500 ಎಂದು ಒತ್ತಿರುತ್ತಾರಲ್ಲ, ಅದು ಅದರ ಶಕ್ತಿ: ಪ್ರತಿ ಚದರ ಮಿಲಿಮೀಟರಿಗೆ 500 ನ್ಯೂಟನ್. ಭದ್ರತೆಗಾಗಿ ಲೆಕ್ಕದಲ್ಲಿ ಅದರ 0.87 ಭಾಗವನ್ನು ಮಾತ್ರ, ಅಂದರೆ 435 ನ್ಯೂಟನ್, ಹಿಡಿಯುತ್ತಾರೆ. ನ್ಯೂಟನ್ ಮರೆತವರಿಗೆ ಅದು ಸುಮಾರು 44 ಕಿಲೋ ಭಾರ. 12 ಮಿ.ಮೀ. ಸರಳನ್ನು ಅಡ್ಡ ಕತ್ತರಿಸಿದರೆ ಕಾಣುವ ವೃತ್ತದ ವಿಸ್ತೀರ್ಣ 113 ಚದರ ಮಿ.ಮೀ. ಎರಡನ್ನೂ ಗುಣಿಸಿದರೆ ಹತ್ತಿರ ಹತ್ತಿರ 5,000 ಕಿಲೋ. ಬೆರಳಿನಷ್ಟು ದಪ್ಪದ ಒಂದು ಸರಳು ಐದು ಟನ್ ಎಳೆತ ತಾಳಬಲ್ಲದು ಎಂದು ಬರೆದುಕೊಂಡಾಗ ನಾನು ಎರಡು ಸಲ ಗುಣಿಸಿ ನೋಡಿದೆ.

ಈಗ ಈ ಐದು ಟನ್ನನ್ನು ಕಾಂಕ್ರೀಟ್ ಹಿಡಿಯಬೇಕು. ಭಾರತೀಯ ಮಾನಕ ಐಎಸ್ 456, 2000ನೇ ಇಸವಿಯದ್ದು, ಇದಕ್ಕೆ ಅಂಕಿ ಕೊಡುತ್ತದೆ. ಎಂ25 ಕಾಂಕ್ರೀಟಿನಲ್ಲಿ ನುಣುಪು ಸರಳಿನ ಮೈಯ ಪ್ರತಿ ಚದರ ಮಿಲಿಮೀಟರಿಗೆ 1.4 ನ್ಯೂಟನ್ ಹಿಡಿತ. ಉಬ್ಬುಗೆರೆ ಇದ್ದರೆ ಶೇ. 60 ಹೆಚ್ಚು, ಅಂದರೆ 2.24. ಸರಳಿನ ಸುತ್ತಳತೆ 37.7 ಮಿ.ಮೀ. ಹೀಗೆ ಒಂದು ಮಿಲಿಮೀಟರ್ ಉದ್ದದ ಸರಳನ್ನು ಕಾಂಕ್ರೀಟ್ ಸುಮಾರು 8.6 ಕಿಲೋ ಬಲದಿಂದ ಹಿಡಿಯುತ್ತದೆ. 5,000ವನ್ನು 8.6ರಿಂದ ಭಾಗಿಸಿ. 583 ಮಿ.ಮೀ. ಬರುತ್ತದೆ. ಸರಳಿನ ದಪ್ಪದ ಸುಮಾರು 49 ಪಟ್ಟು. ಕೆಲಸದ ಜಾಗದಲ್ಲಿ ಇದನ್ನೇ "ಐವತ್ತು ಪಟ್ಟು" ಎಂದು ನೆನಪಿಟ್ಟುಕೊಳ್ಳುತ್ತಾರೆ. 12ರ ಸರಳಿಗೆ 600 ಮಿ.ಮೀ., ಅಂದರೆ ಎರಡು ಫೂಟ್. 16ರ ಸರಳಿಗೆ 800. ಕಾಂಕ್ರೀಟ್ ಎಂ20 ಆದರೆ ಹಿಡಿತ ಕಡಿಮೆ, ಹಾಗಾಗಿ 57 ಪಟ್ಟು ಬೇಕು. ಎರಡು ಬೇರೆ ಬೇರೆ ದಪ್ಪದ ಸರಳು ಜೋಡಿಸುವಾಗ ಐಎಸ್ 456 ಸಣ್ಣದರ ವ್ಯಾಸ ಹಿಡಿದು ಲೆಕ್ಕ ಮಾಡು ಎನ್ನುತ್ತದೆ. 36 ಮಿ.ಮೀ.ಗಿಂತ ದಪ್ಪದ ಸರಳಿಗೆ ಲ್ಯಾಪ್ ಬೇಡವೇ ಬೇಡ ಎನ್ನುತ್ತದೆ, ಆದರೆ ಅದು ನಮ್ಮ ಮನೆಗಳ ಮಾತಲ್ಲ.

ನಮ್ಮ ಮಾಳಿಗೆಯ ಒಂದು ಫೂಟನ್ನು ಇದೇ ಲೆಕ್ಕಕ್ಕೆ ಹಾಕಿದೆ. 305 ಮಿ.ಮೀ. ಗುಣಿಸು 8.6, ಸುಮಾರು 2,600 ಕಿಲೋ. ಐದು ಟನ್ ತಾಳುವ ಸರಳಿಗೆ ದುಡ್ಡು ಕೊಟ್ಟು ಅರ್ಧದಷ್ಟು ಮಾತ್ರ ದಾಟಿಸುವ ಜೋಡಣೆ.

ಇಲ್ಲಿ ಗೌಂಡಿ ಚಾಚಾ ಒಂದು ನ್ಯಾಯವಾದ ಪ್ರಶ್ನೆ ಕೇಳಿದರು. ಕಾಲಂ ಮೇಲೆ ಭಾರ ಕೂರುತ್ತದೆ, ಎಳೆತ ಎಲ್ಲಿಂದ ಬಂತು? ಹೌದು, ಮಾನಕವೂ ಇದನ್ನು ಒಪ್ಪುತ್ತದೆ. ಬರೀ ಅದುಮುವ ಬಲ ಇದ್ದಾಗ ಹಿಡಿತವನ್ನು ಇನ್ನೂ ಶೇ. 25 ಹೆಚ್ಚು ಹಿಡಿಯಬಹುದು. ಆಗ 39 ಪಟ್ಟು ಸಾಕು, ನಮ್ಮ ಸರಳಿಗೆ ಸುಮಾರು 470 ಮಿ.ಮೀ., ಅಂದರೆ ಒಂದೂವರೆ ಫೂಟ್. ಅದೂ ನಮ್ಮಲ್ಲಿ ಇರಲಿಲ್ಲ. ಎಂಥ ಸಂದರ್ಭದಲ್ಲೂ 24 ಪಟ್ಟಿಗಿಂತ ಕಡಿಮೆ ಬೇಡ ಎಂದು ಇನ್ನೊಂದು ಮಾತಿದೆ. 12ರ ಸರಳಿಗೆ ಅದು 288 ಮಿ.ಮೀ., ಹೆಚ್ಚು ಕಡಿಮೆ ಒಂದು ಫೂಟ್. ಪರೀಕ್ಷೆಯಲ್ಲಿ ಪಾಸಾಗಲು ಬೇಕಾದ ಅಂಕವನ್ನೇ ಪೂರ್ತಿ ಅಂಕ ಎಂದುಕೊಂಡ ಹಾಗಾಯಿತು ಅಂದೆ. ಚಾಚಾ ನಕ್ಕರು, ಆದರೆ ತಲೆಯಾಡಿಸಲಿಲ್ಲ.

ಎಳೆತ ಬರುವುದು ನೆಲ ಅಲುಗಿದಾಗ. ಒಂದು ಪ್ಲಾಸ್ಟಿಕ್ ಸ್ಕೇಲನ್ನು ನೆಟ್ಟಗೆ ಹಿಡಿದು, ಕೆಳತುದಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ, ಮೇಲ್ತುದಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಮೇಲಿನ ಕೈಯನ್ನು ತಿರುಗಿಸದೆ ಪಕ್ಕಕ್ಕೆ ಸರಿಸಿ. ಸ್ಕೇಲ್ ಹಾವಿನ ಹಾಗೆ ಬಾಗುತ್ತದೆ. ಎರಡು ತುದಿಗಳ ಹತ್ತಿರ ಬಾಗು ಜಾಸ್ತಿ, ಮಧ್ಯದಲ್ಲಿ ಹತ್ತಿರ ಹತ್ತಿರ ನೇರ. ಭೂಕಂಪದಲ್ಲಿ ಕಾಲಂಗೂ ಇದೇ ಆಗುತ್ತದೆ. ಬಾಗಿದ ಕಡೆ ಒಂದು ಮೈಯ ಸರಳು ಅದುಮಿಕೊಳ್ಳುತ್ತದೆ, ಎದುರು ಮೈಯ ಸರಳು ಎಳೆದುಕೊಳ್ಳುತ್ತದೆ. ಅಲುಗಾಟ ತಿರುಗಿದಾಗ ಎರಡೂ ಅದಲುಬದಲು. ನಾವು ಎಲ್ಲರೂ ಲ್ಯಾಪ್ ಕೊಡುವುದು ಎಲ್ಲಿ? ಸ್ಲ್ಯಾಬಿನ ಮೇಲೆಯೇ, ಕಾಲಂನ ಬುಡದಲ್ಲಿ. ಅತಿ ಹೆಚ್ಚು ಬಾಗುವ ಜಾಗದಲ್ಲಿ ಅತಿ ದುರ್ಬಲ ಜೋಡಣೆ. ಕೆಲಸಕ್ಕೆ ಅನುಕೂಲ ಎಂಬುದು ಬಿಟ್ಟರೆ ಅದಕ್ಕೆ ಬೇರೆ ಕಾರಣ ಇಲ್ಲ.

ಇದಕ್ಕಾಗಿ ಐಎಸ್ 13920 ಎಂಬ ಬೇರೆಯೇ ಮಾನಕ ಇದೆ. 1993ರಲ್ಲಿ ಬಂದು 2016ರಲ್ಲಿ ಪರಿಷ್ಕಾರವಾಯಿತು. ಭೂಕಂಪ ವಲಯ 3, 4, 5ರಲ್ಲಿ ಕಟ್ಟುವ ಕಾಂಕ್ರೀಟ್ ಕಟ್ಟಡಗಳಿಗೆ ಇದು ಅನ್ವಯ. ನಮಗ್ಯಾಕೆ ಅಂದುಕೊಳ್ಳಬೇಡಿ. 2016ರ ಐಎಸ್ 1893ರ ಪಟ್ಟಿಯಲ್ಲಿ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರು ಮೂರನೇ ವಲಯದಲ್ಲಿವೆ. ಬೆಂಗಳೂರು, ಮೈಸೂರು ಎರಡನೆಯದರಲ್ಲಿ. ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯಲ್ಲಿ ಆಗಾಗ ಸಣ್ಣ ಕಂಪನ ಆಗಿ ಜನ ರಾತ್ರಿ ಮನೆಯಿಂದ ಹೊರಗೆ ಬಂದದ್ದು ನಿಮಗೂ ನೆನಪಿರಬೇಕು. ನಮ್ಮ ದಾದಿಗೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆನಪಿದೆ. ಫಜರ್‌ಗೆ ಇನ್ನೂ ಹೊತ್ತಿತ್ತು, ಕಪಾಟಿನ ಪಾತ್ರೆಗಳು ತಾವೇ ಸದ್ದು ಮಾಡಿದವು ಎನ್ನುತ್ತಾರೆ. ಪಕ್ಕದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪ ಅದು. ಸಾವಿರಾರು ಜನ ಸತ್ತರು. ಅಲ್ಲಿ ಬಿದ್ದದ್ದು ಬಹುಪಾಲು ಮಣ್ಣಿನ ಗಾರೆಯ ಭಾರಿ ಕಲ್ಲಿನ ಮನೆಗಳು. ಆದರೆ 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲಿ ಬಿದ್ದದ್ದು ಕಾಂಕ್ರೀಟ್ ಕಟ್ಟಡಗಳೇ. ಲ್ಯಾಪ್ ಒಂದೇ ಅದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಪಾರ್ಕಿಂಗಿಗೆ ಗೋಡೆಯಿಲ್ಲದೆ ಬಿಟ್ಟ ನೆಲಮಹಡಿ, ದೂರ ದೂರ ಹಾಕಿದ ರಿಂಗ್, ಕಳಪೆ ಕಾಂಕ್ರೀಟ್ ಎಲ್ಲವೂ ಸೇರಿದ್ದವು.

(ಗೋಲಗುಂಬಜ್ 1656ರಿಂದ ಒಂದೂ ಸರಳಿಲ್ಲದೆ ನಿಂತಿಲ್ಲವೇ ಎಂದು ಭಾಯಿಜಾನ್ ಕೇಳಿದ. ನಿಂತಿದೆ. ಆ ಗೋಡೆಯ ದಪ್ಪಕ್ಕೆ ನಮ್ಮ ಇಡೀ ಅಡುಗೆಮನೆ ಹೋಗುತ್ತದೆ ಎಂದೆ.)

ಐಎಸ್ 13920 ಕಾಲಂ ಲ್ಯಾಪ್ ಬಗ್ಗೆ ಹೇಳುವುದು ಇಷ್ಟು. ಲ್ಯಾಪ್ ಉದ್ದವನ್ನು ಎಳೆತದ ಲೆಕ್ಕದಲ್ಲೇ ಹಿಡಿಯಬೇಕು, ಅದುಮುವ ಲೆಕ್ಕದ ರಿಯಾಯಿತಿ ಇಲ್ಲ. ಲ್ಯಾಪನ್ನು ಕಾಲಂನ ಮಧ್ಯದ ಅರ್ಧ ಎತ್ತರದಲ್ಲಿ ಮಾತ್ರ ಕೊಡಬೇಕು. ಒಂದೇ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಸರಳು ಜೋಡಿಸಬಾರದು. ಲ್ಯಾಪ್ ಇರುವಷ್ಟೂ ಉದ್ದಕ್ಕೆ 100 ಮಿ.ಮೀ.ಗಿಂತ ದೂರ ಇಲ್ಲದಂತೆ ರಿಂಗ್ ಇರಬೇಕು.

ರಿಂಗಿನ ಮಾತು ನನಗೆ ಮೊದಲು ಅರ್ಥವಾಗಲಿಲ್ಲ. ಸರಳಿನ ಉಬ್ಬುಗೆರೆಗಳು ಕಾಂಕ್ರೀಟನ್ನು ಕಚ್ಚಿ ಎಳೆಯುವಾಗ ಅದನ್ನು ಹೊರಕ್ಕೂ ತಳ್ಳುತ್ತವೆ. ಕಟ್ಟಿಗೆಗೆ ಗೂಟ ಹೊಡೆದರೆ ಉದ್ದಕ್ಕೆ ಸೀಳುತ್ತದಲ್ಲ, ಹಾಗೆ. ಎರಡು ಸರಳು ಅಕ್ಕಪಕ್ಕ ಇರುವ ಕಡೆ ಈ ತಳ್ಳು ಇನ್ನೂ ಜಾಸ್ತಿ. ಸರಳಿನ ಉದ್ದಕ್ಕೆ ಬಿರುಕು ಬಿಟ್ಟರೆ ಹಿಡಿತ ಹೋಯಿತು, ಲ್ಯಾಪ್ ಎಷ್ಟೇ ಉದ್ದ ಇರಲಿ. ರಿಂಗ್ ಹೊರಗಿನಿಂದ ಅದುಮಿ ಹಿಡಿದು ಈ ಸೀಳನ್ನು ತಡೆಯುತ್ತದೆ. ರಿಂಗಿನ ತುದಿಯನ್ನು ಬರೀ ಮೂಲೆಗೆ ಮಡಚಿ ಬಿಡದೆ 135 ಡಿಗ್ರಿ ಬಾಗಿಸಿ ಒಳಗಿನ ಕಾಂಕ್ರೀಟಿಗೆ ಇಳಿಸುವುದೂ ಇದಕ್ಕೇ. ಹೊರಪದರ ಉದುರಿದರೂ ಅದು ಬಿಚ್ಚಿಕೊಳ್ಳುವುದಿಲ್ಲ.

ಅರ್ಧ ಸರಳು ಮಾತ್ರ ಎಂಬುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ, ಜಾಗ. ಎಂಟೂ ಸರಳು ಒಂದೇ ಕಡೆ ಜೋಡಿಸಿದರೆ ಅಲ್ಲಿ ಹದಿನಾರಾಗುತ್ತವೆ. 20 ಮಿ.ಮೀ. ಖಡಿ ನಡುವೆ ಇಳಿಯದೆ ಕಾಂಕ್ರೀಟಿನಲ್ಲಿ ತೂತು ಉಳಿಯುತ್ತದೆ. ಕೆಲಸದವರು ಆಮೇಲೆ ಅದಕ್ಕೆ ಸಿಮೆಂಟ್ ಹಚ್ಚಿ ಮುಚ್ಚುತ್ತಾರೆ. ಹೊರಗೆ ನುಣುಪಾಗಿ ಕಾಣುತ್ತದೆ.

ಈಗ ನಾನು ಅತಿ ಹೆಚ್ಚು ಹೊತ್ತು ಕೂತ ಲೆಕ್ಕ. ನಮ್ಮ ಮೇಲಿನ ಮಹಡಿಯ ಕಾಲಂನ ಎತ್ತರ ತೊಲೆಯ ಕೆಳಗಿನವರೆಗೆ 2.7 ಮೀಟರ್. ಮಧ್ಯದ ಅರ್ಧ ಅಂದರೆ 1.35 ಮೀಟರ್. ಮೊದಲ ನಾಲ್ಕು ಸರಳಿನ ಲ್ಯಾಪ್, ಅದರಿಂದ ದೂರದಲ್ಲಿ ಉಳಿದ ನಾಲ್ಕರ ಲ್ಯಾಪ್. ಎರಡು ಲ್ಯಾಪ್ ಬೇರೆ ಬೇರೆ ಮಟ್ಟದಲ್ಲಿವೆ ಎನ್ನಬೇಕಾದರೆ ಅವುಗಳ ಮಧ್ಯಬಿಂದುಗಳ ನಡುವೆ ಲ್ಯಾಪ್ ಉದ್ದದ 1.3 ಪಟ್ಟು ಅಂತರ ಬೇಕು. 600 ಮಿ.ಮೀ. ಲ್ಯಾಪ್ ಆದರೆ ಅಂತರ 780. ಎರಡೂ ಸೇರಿ ಹಿಡಿಯುವ ಜಾಗ 780 ಮತ್ತು 600, ಒಟ್ಟು 1,380 ಮಿ.ಮೀ. ನಮ್ಮ ಹತ್ತಿರ ಇರುವುದು 1,350! ಮೂವತ್ತು ಮಿಲಿಮೀಟರಿಗೆ ಹೊರಗೆ. 16ರ ಸರಳಾದರೆ ಹತ್ತಿರಕ್ಕೂ ಬರುವುದಿಲ್ಲ. ನಾನು ಲೆಕ್ಕ ತಪ್ಪಿದೆ ಅಂದುಕೊಂಡು ಕೇಳಿದಾಗ ಇಂಜಿನಿಯರ್ ಅಣ್ಣ, ತಪ್ಪಿಲ್ಲ, ಅದಕ್ಕೇ ಒಂದು ಮಹಡಿಯಲ್ಲಿ ಅರ್ಧ ಸರಳು ಮಾತ್ರ ಜೋಡಿಸಿ ಉಳಿದರ್ಧವನ್ನು ಮುಂದಿನ ಮಹಡಿಯಲ್ಲಿ ಜೋಡಿಸುತ್ತಾರೆ ಎಂದರು. ಐಐಟಿ ಕಾನ್ಪುರದವರು ಬಿಎಂಟಿಪಿಸಿ ಜೊತೆ ಸೇರಿ ಸಾಮಾನ್ಯ ಜನರಿಗಾಗಿ ತಂದ ಭೂಕಂಪ ಕಿರುಪಾಠಗಳಲ್ಲೂ ಚಿತ್ರ ಸಮೇತ ಇದೇ ಇದೆ. 12 ಮೀಟರ್ ಸರಳು ಇದಕ್ಕೆ ಸಾಕು, ಆದರೆ ಎರಡು ಮಹಡಿ ಎತ್ತರದ ಸರಳನ್ನು ಸೆಂಟ್ರಿಂಗ್ ಮುಗಿಯುವವರೆಗೆ ಬಿದಿರು ಕಟ್ಟಿ ನಿಲ್ಲಿಸಬೇಕು. ನಮ್ಮ ಊರಿನಲ್ಲಿ ಮನೆ ಕೆಲಸದಲ್ಲಿ ಹಾಗೆ ಮಾಡಿದ್ದನ್ನು ನಾನು ಇನ್ನೂ ನೋಡಿಲ್ಲ. ಅದು ಕಷ್ಟ ಎಂಬುದು ನಿಜ. ಆದರೆ ಉದ್ದ ಸರಿಯಾಗಿ ಬಿಡುವುದು, ಬುಡ ಬಿಟ್ಟು ಮೇಲೆ ಜೋಡಿಸುವುದು, ರಿಂಗ್ ಹತ್ತಿರ ಹಾಕುವುದು, ಈ ಮೂರೂ ಕಷ್ಟವಲ್ಲ.

ಖರ್ಚು ಎಷ್ಟು? ಇದು ನನ್ನ ವಿಷಯ. ಸರಳಿನ ತೂಕ ತಿಳಿಯಲು ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕಿಲೋ ಸಿಗುತ್ತದೆ. 12ರ ಸರಳು ಮೀಟರಿಗೆ 0.89 ಕಿಲೋ. ಒಂಬತ್ತು ಕಾಲಂ, ಎಂಟೆಂಟು ಸರಳು, ಒಟ್ಟು 72. ಪ್ರತಿಯೊಂದಕ್ಕೂ ಒಂದು ಫೂಟ್ ಹೆಚ್ಚು ಬಿಟ್ಟಿದ್ದರೆ 72 ಫೂಟ್, ಅಂದರೆ 22 ಮೀಟರ್, ಅಂದರೆ 19.5 ಕಿಲೋ. ಕಿಲೋಗೆ 65 ರೂಪಾಯಿ ಹಿಡಿದರೆ 1,270 ರೂಪಾಯಿ ಚಿಲ್ಲರೆ. ಲ್ಯಾಪ್ ಇರುವಲ್ಲಿ ಕಾಲಂಗೆ ಮೂರು ರಿಂಗ್ ಹೆಚ್ಚು ಹಾಕಿದರೆ 27 ರಿಂಗ್, 8 ಮಿ.ಮೀ. ಸರಳಿನದ್ದು, ಸುಮಾರು 11 ಕಿಲೋ, 715 ರೂಪಾಯಿ. ಎರಡೂ ಸೇರಿ 2,000 ರೂಪಾಯಿಯ ಒಳಗೆ. ಲ್ಯಾಪನ್ನು ಬುಡದಿಂದ ಮಧ್ಯಕ್ಕೆ ಏರಿಸಲು ಒಂದು ಗ್ರಾಂ ಕಬ್ಬಿಣವೂ ಹೆಚ್ಚು ಬೇಡ. ಕೆಳಗಿನ ಸರಳು ಉದ್ದವಾದಷ್ಟೇ ಮೇಲಿನದು ಗಿಡ್ಡವಾಗುತ್ತದೆ.

ಅಕೌಂಟೆನ್ಸಿಯಲ್ಲಿ ಸಂಭವನೀಯ ಹೊಣೆಗಾರಿಕೆ ಎಂದು ಓದಿದ್ದೇವೆ. ಬ್ಯಾಲೆನ್ಸ್ ಶೀಟಿನ ಅಂಕಿಗಳಲ್ಲಿ ಅದು ಬರುವುದಿಲ್ಲ, ಕೆಳಗೆ ಟಿಪ್ಪಣಿಯಲ್ಲಿ ಬರುತ್ತದೆ. ಗಿಡ್ಡ ಲ್ಯಾಪ್ ಹಾಗೆಯೇ, ಆದರೆ ಅದಕ್ಕೆ ಟಿಪ್ಪಣಿಯೂ ಇರುವುದಿಲ್ಲ. ಕಾಂಕ್ರೀಟ್ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಹಾಗೆಂದು ಒಂದು ಫೂಟ್ ಲ್ಯಾಪಿನ ಮನೆಗಳೆಲ್ಲ ನಾಳೆ ಬೀಳುತ್ತವೆ ಎಂದು ಹೆದರಬೇಡಿ. ಮಾನಕದ ಅಂಕಿಗಳಲ್ಲಿ ಭದ್ರತೆಯ ಅಂಶ ಸೇರಿದೆ, ದಿನನಿತ್ಯದ ಭಾರದ ದೊಡ್ಡ ಪಾಲನ್ನು ಕಾಲಂನ ಕಾಂಕ್ರೀಟೇ ಹೊರುತ್ತದೆ. ಲ್ಯಾಪಿನ ಪರೀಕ್ಷೆ ನೆಲ ಅಲುಗಿದ ದಿನ ಮಾತ್ರ.

ನಮ್ಮ ಮನೆಯ ಹಳೆಯ ಸರಳಿಗೆ ಇನ್ನೊಂದು ತೊಂದರೆ ಇತ್ತು, ತುಕ್ಕು. ಅಷ್ಟು ವರ್ಷ ಮಳೆ ಬಿಸಿಲಿಗೆ ಬಿಟ್ಟಿದ್ದೆವು. ಹೀಗೆ ಬಿಡುವಾಗ ಅವುಗಳ ಸುತ್ತ ಬಡ ಕಾಂಕ್ರೀಟ್ ತುಂಬಿ ಮುಚ್ಚಬೇಕು, ಬೇಕಾದಾಗ ಒಡೆದು ತೆಗೆಯಬಹುದು. ಬಾಟಲಿ ಸಾಲದು. ಇಂಜಿನಿಯರ್ ಅಣ್ಣ ತಂತಿ ಬ್ರಷ್‌ನಿಂದ ಉಜ್ಜಿಸಿ ಪ್ರತಿ ಸರಳಿನ ದಪ್ಪ ಅಳೆದರು. ಪದರು ಪದರಾಗಿ ಎದ್ದಿರಲಿಲ್ಲ, ಉಪಯೋಗಿಸಬಹುದು ಎಂದರು. ಗಿಡ್ಡ ಸರಳಿಗೆ ಲ್ಯಾಪ್ ಬದಲು ಕಪ್ಲರ್ ಎಂದು ತೀರ್ಮಾನವಾಯಿತು. ಅದು ದಪ್ಪ ಉಕ್ಕಿನ ಕೊಳವೆ. ಹಳೆಯ ಸರಳಿನ ತುದಿ ಕೆಳಗಿನಿಂದ, ಹೊಸದು ಮೇಲಿನಿಂದ ಒಳಗೆ ಹೋಗುತ್ತದೆ, ಪಕ್ಕದಿಂದ ಬೋಲ್ಟ್ ಬಿಗಿಯುತ್ತಾರೆ. ಬಲ ಕಾಂಕ್ರೀಟನ್ನು ಕೇಳದೆ ಸರಳಿನಿಂದ ಸರಳಿಗೆ ನೇರವಾಗಿ ಹೋಗುತ್ತದೆ. ಇದಕ್ಕೂ ಮಾನಕ ಇದೆ, ಐಎಸ್ 16172. 72 ಕಪ್ಲರಿಗೆ ಆದ ಖರ್ಚು ನಾನು ಲೆಕ್ಕ ಹಾಕಿದ ಆ 2,000ದ ಹಲವು ಪಟ್ಟು. ಅಮ್ಮಿ ಚೀಟಿ ಎತ್ತಿದರು. ಮದುವೆಯ ಬಿರಿಯಾನಿಗೆ ಕರೆಯುವವರ ಪಟ್ಟಿಯಿಂದ ಒಂದು ಪುಟ ಹೋಯಿತು.

ಅಬ್ಬಾ ಆ ಸಂಜೆ ಜಾಸ್ತಿ ಮಾತಾಡಲಿಲ್ಲ. ಮರುದಿನ ಗೌಂಡಿ ಚಾಚಾ ಬಂದಾಗ, ಇನ್ನೊಂದು ಸ್ಲ್ಯಾಬ್ ಮೇಲೆ ಎಷ್ಟು ಬಿಡಬೇಕು ಎಂದು ಅವರೇ ಕೇಳಿದರು. ಹೊಸ ಸ್ಲ್ಯಾಬ್ ಮುಗಿದು ಎರಡು ವಾರವಾಯಿತು. ನಾನು ಟೇಪ್ ತೆಗೆದುಕೊಂಡು ಹೋಗಿ ಅಳೆದೆ: ಪ್ರತಿ ಕಾಲಂನಲ್ಲಿ ನಾಲ್ಕು ಸರಳು ನಾಲ್ಕೂಕಾಲು ಫೂಟ್, ಉಳಿದ ನಾಲ್ಕು ಅದಕ್ಕಿಂತ ಎರಡು ಫೂಟ್ ಏಳು ಇಂಚು ಎತ್ತರ. ಲೆಕ್ಕದ ಮೂವತ್ತು ಮಿಲಿಮೀಟರ್ ಹೊರಗೆ ಹೋಗುತ್ತದೆ ಎಂದು ಇಂಜಿನಿಯರ್ ಅಣ್ಣನಿಗೆ ನೆನಪಿಸಿದೆ. ಮೇಲಿನ ಮಹಡಿಯ ಎತ್ತರ ಎರಡು ಇಂಚು... ಅಲ್ಲ, ಮೂರು ಇಂಚು ಹೆಚ್ಚಿಸಿದರೆ ಒಳಗೆ ಬರುತ್ತದೆ ಎಂದರು. ಹೆಚ್ಚಿಸಬಹುದು, ಅದನ್ನು ಕಟ್ಟಲು ಇನ್ನೂ ಹಲವು ವರ್ಷ ಇದೆ. ಈ ಸಲ ಸರಳುಗಳ ಸುತ್ತ ಬಡ ಕಾಂಕ್ರೀಟ್ ತುಂಬಿದ್ದಾರೆ. ಅಮ್ಮಿಗೆ ಹಗ್ಗ ಕಟ್ಟಲು ಬೇರೆ ಜಾಗ ಹುಡುಕಬೇಕಾಗಿದೆ.